ಹವಾಮಾನ ಬದಲಾವಣೆಯಿಂದ ಗಿಡಹೇನು ಮತ್ತು ಅದು ಹರಡುವ ರೋಗಗಳು ಹೆಚ್ಚುತ್ತವೆಯೇ?

ಬಹುಮಟ್ಟಿಗೆ ಹೌದು. ಆದರೆ ಬಿಸಿ ಏರಿದಷ್ಟೂ ಹೇನು ಹೆಚ್ಚುತ್ತದೆ ಎಂದುಕೊಳ್ಳಬೇಡಿ. ಗಿಡದ ರಸ ಹೀರುವ ಈ ಪುಟ್ಟ ಕೀಟದ ಹೆಣ್ಣುಗಳು ಗಂಡಿನ ನೆರವಿಲ್ಲದೆ ಮರಿ ಹಾಕುತ್ತವೆ. 20–25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಜಾತಿಗಳ ಮರಿ ವಾರ-ಹತ್ತು ದಿನದಲ್ಲಿ ತಾಯಿಯಾಗುತ್ತದೆ. 30 ಡಿಗ್ರಿ ದಾಟಿದರೆ ಹೆಚ್ಚಿನವು ಸೊರಗುತ್ತವೆ. ಜೋರು ಮಳೆಯೂ ಅವನ್ನು ಎಲೆಯಿಂದ ಉದುರಿಸುತ್ತದೆ.

ನಿಜವಾದ ತೊಂದರೆ ಇರುವುದು ಶೀತ ದೇಶಗಳ ಚಳಿಗಾಲ ಮೆತ್ತಗಾಗುವುದರಲ್ಲಿ. ಹಿಮಕ್ಕೆ ಸಾಯಬೇಕಿದ್ದ ಹೇನುಗಳು ಕಳೆಗಿಡಗಳ ಮೇಲೆ ಬದುಕುಳಿದು, ವಸಂತದಲ್ಲಿ ಬೇಗನೆ ರೆಕ್ಕೆ ಬಿಚ್ಚುತ್ತವೆ. ಬ್ರಿಟನ್ನಿನ ರೋಥಮ್‌ಸ್ಟೆಡ್ ಸಂಸ್ಥೆ 1964ರಿಂದ ಗಾಳಿ ಹೀರುವ ಬಲೆಗಳಲ್ಲಿ ಹೇನು ಎಣಿಸುತ್ತಿದೆ. ಜನವರಿ-ಫೆಬ್ರವರಿ ಸರಾಸರಿ ಉಷ್ಣತೆ 1 ಡಿಗ್ರಿ ಏರಿದರೆ ಪೀಚ್-ಆಲೂಗಡ್ಡೆ ಹೇನಿನ ಮೊದಲ ಹಾರಾಟ ಸುಮಾರು ಎರಡು ವಾರ ಮುಂದಕ್ಕೆ ಬರುತ್ತದೆ. ಆಗ ಬೆಳೆ ಇನ್ನೂ ಎಳೆಯದು, ಹೇನಿನಿಂದ ಎಳೆಗಿಡಕ್ಕೆ ತಗುಲಿದ ವೈರಸ್ ಮಾಡುವ ನಷ್ಟವೇ ಹೆಚ್ಚು.

ಔಷಧಿ ಹೊಡೆದರೆ ಸಾಲದೇ? ಅದು ಯಾವ ವೈರಸ್ ಎಂಬುದನ್ನು ಅವಲಂಬಿಸಿದೆ. ಆಲೂಗಡ್ಡೆಗೆ ತಗುಲುವ ‘ವೈ’ ಎಂಬ ವೈರಸ್ಸನ್ನು ಹೇನು ಕೆಲವೇ ಸೆಕೆಂಡು ಚುಚ್ಚಿ ಅಂಟಿಸಿಬಿಡುತ್ತದೆ. ಕೀಟನಾಶಕ ಕೊಲ್ಲುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಇದಕ್ಕೆ ರೋಗರಹಿತ ಬಿತ್ತನೆಗಡ್ಡೆ, ಖನಿಜ ತೈಲದ ಸಿಂಪಡಣೆ, ರೋಗಿಷ್ಟ ಗಿಡ ಕೀಳುವುದೇ ದಾರಿ. ಬಾರ್ಲಿಯ ಹಳದಿ ಕುಬ್ಜ ವೈರಸ್ ಹರಡಲು ಗಂಟೆಗಟ್ಟಲೆ ರಸ ಹೀರಬೇಕು, ಹಾಗಾಗಿ ಅಲ್ಲಿ ಕೀಟನಾಶಕ ಫಲಿಸಬಹುದು. ಶರತ್ಕಾಲದ ಬಿತ್ತನೆಯನ್ನು ಸ್ವಲ್ಪ ತಡಮಾಡುವುದು ಇನ್ನೂ ಒಳ್ಳೆಯದು. ಹಿಂದಿನ ಬೆಳೆಯಿಂದ ತಾನಾಗಿ ಹುಟ್ಟಿದ ಗಿಡಗಳನ್ನು ಮೊದಲೇ ಕಿತ್ತುಹಾಕಿ.