ಪೊಲೀಸ್ ಕೆಲಸದಿಂದ ಬಂದ ಟ್ರಾಯ್ ಗ್ರಾಂಟ್ ಎರಡೇ ವರ್ಷಕ್ಕೆ ಡೆಪ್ಯುಟಿ ಪ್ರೀಮಿಯರ್ ಪಟ್ಟ ಕಳೆದುಕೊಂಡದ್ದು ಯಾಕೆ?

ನಿಮ್ಮ ಪ್ರಶ್ನೆಯಲ್ಲೇ ಇರುವ ಹಾಗೆ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ರಾಜಕಾರಣಿ ಗ್ರಾಂಟ್ ಏರಿದ್ದೂ ಬೇಗ, ಇಳಿದದ್ದೂ ಬೇಗ. ನಾಯಿ ಓಟ ನಿಲ್ಲಿಸಲು ಹೋಗಿ ಕೆಟ್ಟರು ಅಂತ ಎಲ್ಲರೂ ಹೇಳುತ್ತಾರೆ. ಅದು ಮುಕ್ಕಾಲು ನಿಜ. 2016ರಲ್ಲಿ ನಾನು ಕೆಲಸಕ್ಕೆಂದು ನ್ಯೂ ಸೌತ್ ವೇಲ್ಸ್‌ನ ಆರೆಂಜ್ ಊರಿನಲ್ಲಿದ್ದೆ, ಉಳಿದ ಕಾಲು ಭಾಗ ಅಲ್ಲಿ ಕಂಡೆ.

ಮೊದಲು ಪೊಲೀಸ್ ವಿಷಯ. 20 ವರ್ಷಕ್ಕೂ ಜಾಸ್ತಿ ಇಲಾಖೆಯಲ್ಲಿದ್ದವರು ಅವರು. 1990ರ ದಶಕದಲ್ಲಿ, ಇನ್ನೂ ಎಳೆ ವಯಸ್ಸು, ಹಂಟರ್ ಕಣಿವೆಯಲ್ಲಿ ವಿನ್ಸೆಂಟ್ ರಯಾನ್ ಎಂಬ ಕ್ಯಾಥೊಲಿಕ್ ಪಾದ್ರಿಯ ಕೇಸು ಕೈಗೆ ಬಂತು. ಹುಡುಗರ ಮೇಲಿನ ಲೈಂಗಿಕ ದೌರ್ಜನ್ಯ. ರಯಾನ್ ಜೈಲಿಗೆ ಹೋದ. ಗ್ರಾಂಟ್ ಮುಂದೆ ಎಷ್ಟು ಖಾತೆ ನೋಡಿಕೊಂಡರೂ, ನನ್ನ ಲೆಕ್ಕದಲ್ಲಿ ಅವರ ತೂಕದ ಕೆಲಸ ಇದೇ.

2011ರಲ್ಲಿ ನ್ಯಾಷನಲ್ಸ್ ಪಕ್ಷದಿಂದ ಡಬ್ಬೊ ಕ್ಷೇತ್ರ ಗೆದ್ದರು. 2014ರ ಏಪ್ರಿಲ್‌ನಲ್ಲಿ ಮಂತ್ರಿ, ಅದೇ ಅಕ್ಟೋಬರ್‌ನಲ್ಲಿ ಪಕ್ಷದ ನಾಯಕ. ಲಿಬರಲ್ ಪಕ್ಷದ ಜೊತೆ ಮೈತ್ರಿ ಸರ್ಕಾರವಿದ್ದಾಗ ನ್ಯಾಷನಲ್ಸ್ ನಾಯಕನೇ ಡೆಪ್ಯುಟಿ ಪ್ರೀಮಿಯರ್, ಅಂದರೆ ನಮ್ಮ ಕಡೆಯ ಉಪಮುಖ್ಯಮಂತ್ರಿ. ಪೊಲೀಸ್ ಖಾತೆ, ರೇಸಿಂಗ್ ಖಾತೆ ಎರಡೂ ಅವರ ಬಳಿ ಇದ್ದವು. ಕುತ್ತಿಗೆಗೆ ಬಂದದ್ದು ಆ ರೇಸಿಂಗ್ ಖಾತೆ.

ಗ್ರೇಹೌಂಡ್ ಎಂಬ ತಳಿಯ ನಾಯಿಗಳ ಓಟದಲ್ಲಿ ಜೀವಂತ ಪ್ರಾಣಿಗಳನ್ನು ಕಟ್ಟಿ ನಾಯಿಗಳಿಗೆ ತರಬೇತಿ ಕೊಡುವುದು 2015ರಲ್ಲಿ ಟಿವಿಯಲ್ಲಿ ಬಯಲಾಯಿತು. ವಿಚಾರಣೆ ನಡೆದು, 12 ವರ್ಷಗಳಲ್ಲಿ 48 ಸಾವಿರದಿಂದ 68 ಸಾವಿರ ನಾಯಿಗಳನ್ನು ಓಡಲಾರವು ಅಂತ ಕೊಂದಿದ್ದಾರೆ ಎಂಬ ವರದಿ ಬಂತು. 2016ರ ಜುಲೈನಲ್ಲಿ ಪ್ರೀಮಿಯರ್ ಮೈಕ್ ಬೇರ್ಡ್ ಓಟವನ್ನೇ ನಿಷೇಧಿಸುವುದಾಗಿ ಘೋಷಿಸಿದರು. ಗ್ರಾಂಟ್ ಬೆಂಬಲಕ್ಕೆ ನಿಂತರು. ವರದಿ ಓದಿದರೆ ನಿಷೇಧ ತಪ್ಪು ಅಂತ ನನಗೂ ಅನ್ನಿಸುವುದಿಲ್ಲ. ಆದರೆ ನಾಯಿ ಸಾಕಿದವರಲ್ಲಿ ಬಹಳ ಮಂದಿ ಇವರಿಗೇ ವೋಟು ಹಾಕುವ ಹಳ್ಳಿ ಕಡೆಯವರು.

ನನ್ನ ಪಕ್ಕದ ಮನೆಯ ತಾತ ಅಂಥವರೊಬ್ಬರು. ಮೂರು ನಾಯಿ, ನಮ್ಮ ಮುಧೋಳ ನಾಯಿಯ ಹಾಗೇ ಸಣಕಲು ಹೊಟ್ಟೆ, ಉದ್ದ ಕಾಲು. ಚಳಿಗೆ ಮೂರಕ್ಕೂ ಉಣ್ಣೆ ಕೋಟು ತೊಡಿಸಿ ವಾಕಿಂಗ್ ಕರೆದೊಯ್ಯುತ್ತಿದ್ದರು. ‘ಯಾರೋ ಮಾಡಿದ್ದಕ್ಕೆ ನನಗ್ಯಾಕೆ ಶಿಕ್ಷೆ’ ಅನ್ನುವುದೊಂದೇ ಮಾತು. ಅದು ಮುಗಿದರೆ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತದ ವಿಷಯ. ಅಕ್ಕಪಕ್ಕದ ಕ್ಯಾಬೊನ್, ಬ್ಲೇನಿ ಕೌನ್ಸಿಲ್‌ಗಳನ್ನು ಆರೆಂಜ್ ಜೊತೆ ಬಲವಂತವಾಗಿ ಸೇರಿಸಲು ಸರ್ಕಾರ ಹೊರಟಿತ್ತು. ನಾಯಿ ಇಲ್ಲದವರಿಗೂ ಕೋಪ ಬರಲು ಇಷ್ಟು ಸಾಕಾಗಿತ್ತು. ನಾನು ಹೇಳಿದ ಕಾಲು ಭಾಗ ಇದೇ.

ಅಕ್ಟೋಬರ್‌ನಲ್ಲಿ ನಿಷೇಧ ವಾಪಸ್ ತೆಗೆದುಕೊಂಡರು. ನಾಯಿ ಪ್ರಿಯರೂ ಬೈದರು, ನಾಯಿ ಓಡಿಸುವವರೂ ಕ್ಷಮಿಸಲಿಲ್ಲ. ನವೆಂಬರ್ 12ಕ್ಕೆ ಆರೆಂಜ್‌ನಲ್ಲಿ ಉಪಚುನಾವಣೆ. 1947ರಿಂದ ನ್ಯಾಷನಲ್ಸ್ ಪಕ್ಷದ ಕೈಯಲ್ಲೇ ಇದ್ದ ಸೀಟು. ನನಗೆ ವೋಟಿರಲಿಲ್ಲ, ಸುಮ್ನೆ ಮತಗಟ್ಟೆ ಹತ್ತಿರ ಹೋಗಿ ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜ್ ತಿಂದು ಬಂದೆ, ಅಲ್ಲಿ ಚುನಾವಣೆ ಅಂದರೆ ಅದು ಇರಲೇಬೇಕು. ಮರು ಎಣಿಕೆಯೂ ಮುಗಿದಾಗ ಶೂಟರ್ಸ್, ಫಿಶರ್ಸ್ ಅಂಡ್ ಫಾರ್ಮರ್ಸ್ ಪಕ್ಷದ ಫಿಲ್ ಡೊನಾಟೊ ಬರೀ 50 ವೋಟಿನಲ್ಲಿ ಗೆದ್ದಿದ್ದರು. ತಮಾಷೆ ನೋಡಿ, ಡೊನಾಟೊ ಕೂಡ ಮಾಜಿ ಪೊಲೀಸ್!

ಗ್ರಾಂಟ್ ಅಷ್ಟು ದಿನ ಕಾಯಲೇ ಇಲ್ಲ. ಎಣಿಕೆ ನಡೆಯುತ್ತಿರುವಾಗಲೇ ನಾಯಕತ್ವ ಬಿಟ್ಟರು, ಜಾನ್ ಬರಿಲಾರೊ ಬಂದರು. ಪೊಲೀಸ್ ಖಾತೆ ಮಾತ್ರ 2019ರವರೆಗೂ ಅವರ ಬಳಿಯೇ ಇತ್ತು. ಆ ವರ್ಷ ಚುನಾವಣೆಗೆ ನಿಲ್ಲಲಿಲ್ಲ.

ಆಮೇಲೆ ಏನು ಮಾಡಿದರು ಅಂತಲೂ ಹೇಳಿಬಿಡುತ್ತೇನೆ. 2021ರಲ್ಲಿ ಮರ್ರೇ-ಡಾರ್ಲಿಂಗ್ ನದಿ ನೀರಿನ ಇನ್‌ಸ್ಪೆಕ್ಟರ್ ಜನರಲ್ ಆದರು. ನೀರು ಯಾರು ಎಷ್ಟು ಎತ್ತುತ್ತಿದ್ದಾರೆ, ಪಂಪಿಗೆ ಮೀಟರ್ ಇದೆಯಾ ಇಲ್ಲವಾ ಅಂತ ನೋಡುವ ಕೆಲಸ. ಹೆಚ್ಚುಕಮ್ಮಿ ಹಳೇ ಡ್ಯೂಟಿಯೇ.