ಐದು ತಿಂಗಳಾದ ಮೇಲೂ ಕೈ ಚೇತರಿಸಿಕೊಳ್ಳುವುದೇ?

ನಮಸ್ಕಾರ. ಡೊಂಬಿವಲಿಯಲ್ಲಿರುವ ನಿಮ್ಮ ತಾಯಿಯವರಿಗೆ ಪಾರ್ಶ್ವವಾಯುವಾಗಿ ಐದು ತಿಂಗಳು ಕಳೆದಿರುವುದರಿಂದ, ಬಲಗೈಗೆ ಇನ್ನು ಫಿಸಿಯೋಥೆರಪಿ ಮಾಡಿಸಿ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ಪ್ರಯೋಜನವಿದೆ, ದಯವಿಟ್ಟು ನಿಲ್ಲಿಸಬೇಡಿ.

2006ರಲ್ಲಿ ಪ್ರಕಟವಾದ ಅಮೆರಿಕದ ‘ಎಕ್ಸೈಟ್’ ಅಧ್ಯಯನದಲ್ಲಿ, ಪಾರ್ಶ್ವವಾಯುವಾಗಿ 3ರಿಂದ 9 ತಿಂಗಳಾಗಿದ್ದ 222 ಮಂದಿಯ ಪೈಕಿ ಒಂದು ಗುಂಪಿನವರಿಗೆ ಎರಡು ವಾರ, ಎಚ್ಚರವಿರುವ ಹೆಚ್ಚಿನ ಹೊತ್ತು ಸ್ವಸ್ಥ ಕೈಗೆ ಗವಸು ತೊಡಿಸಿ, ಸೋತ ಕೈಯಿಂದಲೇ ಗಂಟೆಗಟ್ಟಲೆ ಕೆಲಸ ಮಾಡಿಸಿದರು. ಒಂದು ವರ್ಷದ ನಂತರವೂ ಅವರ ಕೈಬಳಕೆ ಎಂದಿನ ಆರೈಕೆ ಪಡೆದವರಿಗಿಂತ ಉತ್ತಮವಾಗಿತ್ತು. ಆದರೆ ಮಣಿಕಟ್ಟನ್ನೂ ಕೆಲವು ಬೆರಳುಗಳನ್ನೂ ಕನಿಷ್ಠ 10 ಡಿಗ್ರಿಯಷ್ಟಾದರೂ ತಾವಾಗಿಯೇ ಹಿಂದಕ್ಕೆ ಎತ್ತಬಲ್ಲವರನ್ನು ಮಾತ್ರ ಅದಕ್ಕೆ ಆರಿಸಿದ್ದರು ಎಂಬುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಆದ್ದರಿಂದ, ಮುಂಗೈಯನ್ನು ಮೇಜಿನ ಮೇಲಿರಿಸಿ ಅಂಚಿನಿಂದ ಇಳಿಬಿಟ್ಟ ಹಸ್ತವನ್ನು ತಾಯಿಯವರು ಮೇಲೆತ್ತಬಲ್ಲರೇ, ಹಿಡಿದ ಒರೆಸುವ ಬಟ್ಟೆಯನ್ನು ಬೆರಳು ಬಿಚ್ಚಿ ಬಿಡಬಲ್ಲರೇ ಎಂದು ಮೊದಲು ಗಮನಿಸಿ.

ಸಾಧ್ಯವಿದ್ದರೂ ಇಲ್ಲದಿದ್ದರೂ, ಮುಂಬಯಿಯ ಹಾಜಿ ಅಲಿಯಲ್ಲಿರುವ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆಯಲ್ಲಿ ಒಮ್ಮೆ ತೋರಿಸಿ, ಈ ವಿಧಾನ ಅವರಿಗೆ ಹೊಂದುವುದೇ ಎಂದು ವಿಚಾರಿಸಿ. ಮನೆಯಲ್ಲಿ ಬಟಾಣಿ ಬಿಡಿಸುವುದು, ಖಾಲಿ ಲೋಟ ಎತ್ತಿಡುವುದು ಒಳ್ಳೆಯ ಅಭ್ಯಾಸ. ಗವಸು ತೊಟ್ಟು ಮೆಟ್ಟಿಲಿಳಿಯುವುದಾಗಲಿ, ಒಲೆಯ ಬಳಿ ನಿಲ್ಲುವುದಾಗಲಿ, ಲೋಕಲ್ ರೈಲು ಹತ್ತುವುದಾಗಲಿ ಬೇಡವೇ ಬೇಡ.