ಡ್ಯೂಟಿ ಬಿಡದೆ ಡಾಕ್ಟರೇಟ್ ಮಾಡಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಉಡುಪಿಯ ಆಸ್ಪತ್ರೆಯೊಂದರಲ್ಲಿ 11 ವರ್ಷದಿಂದ ಐಸಿಯು ನರ್ಸ್ ಆಗಿದ್ದೀರಿ. ಎಂಎಸ್ಸಿ ನರ್ಸಿಂಗ್ ಆಗಿದೆ. ಮಕ್ಕಳು ಚಿಕ್ಕವರು, ಕೆಲಸ ಬಿಡುವ ಹಾಗಿಲ್ಲ. ಯಾರೋ ಫೋನ್ ಮಾಡಿ, 18 ತಿಂಗಳಲ್ಲಿ ಮನೆಯಲ್ಲೇ ಕೂತು ವಿದೇಶಿ ‘ಪ್ರೊಫೆಷನಲ್ ಡಾಕ್ಟರೇಟ್’ ತೆಗೆದುಕೊಳ್ಳಬಹುದು ಅಂದಿದ್ದಾರೆ. ಅದಕ್ಕೆ ಸೇರುವುದಾ, ಇಲ್ಲೇ ಪಾರ್ಟ್‌ಟೈಮ್ ಪಿಎಚ್‌ಡಿ ಮಾಡುವುದಾ, ಡ್ಯೂಟಿ ಜೊತೆ ಇದೆಲ್ಲ ಆಗುವ ಮಾತಾ ಅಂತ ಕೇಳಿದ್ದೀರಿ.

ನಾನು ಮಂಗಳೂರಿನಲ್ಲಿ ಡಯಾಲಿಸಿಸ್ ಯೂನಿಟ್‌ನ ಇನ್‌ಚಾರ್ಜ್ ಸಿಸ್ಟರ್. 2023ರಲ್ಲಿ ಪಾರ್ಟ್‌ಟೈಮ್ ಪಿಎಚ್‌ಡಿಗೆ ಸೇರಿದೆ. ಇನ್ನೂ ಮುಗಿದಿಲ್ಲ. ಹಾಗಾಗಿ ದಡ ಸೇರಿದವರ ಮಾತು ಅಂತ ಓದಬೇಡಿ, ಅರ್ಧ ಹೊಳೆಯಲ್ಲಿ ಇರುವವಳ ಮಾತು ಇದು.

ಮೊದಲು ಆ ಫೋನಿನ ವಿಷಯ ಮುಗಿಸಿಬಿಡೋಣ. ಬೇಡ ಮಾರಾಯ್ರೆ. ವಿದೇಶಿ ಸಂಸ್ಥೆಗಳ ಹೆಸರು ಹೇಳಿಕೊಂಡು ಎಜುಟೆಕ್ ಕಂಪನಿಗಳು ಮಾರುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲ ಅಂತ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ 2022ರ ಅಕ್ಟೋಬರ್‌ನಲ್ಲೇ ಒಟ್ಟಿಗೆ ಎಚ್ಚರಿಕೆ ಕೊಟ್ಟಿವೆ. ‘ಪಿಎಚ್‌ಡಿ ಅಲ್ಲ, ಪ್ರೊಫೆಷನಲ್ ಡಾಕ್ಟರೇಟ್’ ಅಂತ ಹೆಸರು ಬದಲಿಸಿ ಹೇಳಿದರೂ, ನಾಳೆ ಇಲ್ಲಿನ ಕಾಲೇಜಿಗೆ ಅರ್ಜಿ ಹಾಕಿದಾಗ ನಿಮ್ಮನ್ನು ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಇಲ್ಲಿ ಮಾನ್ಯತೆ ಇದೆಯಾ?

ಹಾಗಂತ ಪ್ರೊಫೆಷನಲ್ ಡಾಕ್ಟರೇಟ್ ಅನ್ನುವುದೇ ಮೋಸ ಅಂತ ಅಲ್ಲ. ಅಮೆರಿಕದಲ್ಲಿ ನರ್ಸ್‌ಗಳಿಗೆ ಡಿಎನ್‌ಪಿ (ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್) ಅಂತ ಡಿಗ್ರಿ ಉಂಟು, ಅಲ್ಲಿ ಅದು ಗಟ್ಟಿ ಡಿಗ್ರಿ. ಬ್ರಿಟನ್‌ನಲ್ಲೂ ಕೆಲಸದಲ್ಲಿ ಇರುವವರಿಗೆ ಅಂತಲೇ ಇಂಥ ಪಾರ್ಟ್‌ಟೈಮ್ ಕೋರ್ಸ್‌ಗಳಿವೆ. ಪಿಎಚ್‌ಡಿಯಲ್ಲಿ ಹೊಸದೊಂದನ್ನು ಹುಡುಕಿ ತೋರಿಸಬೇಕು. ಡಿಎನ್‌ಪಿಯಲ್ಲಿ ಗೊತ್ತಿರುವುದನ್ನೇ ವಾರ್ಡಿಗೆ ತಂದು ಕೆಲಸ ಸುಧಾರಿಸಿ ತೋರಿಸಬೇಕು. ನಮ್ಮಂಥವರಿಗೆ ಎರಡನೆಯದೇ ಹೆಚ್ಚು ಹೊಂದುತ್ತದೆ ಅಂತ ನನ್ನ ಅನಿಸಿಕೆ. ಆದರೆ ನಮ್ಮ ಊರಿನಲ್ಲಿ ದಾರಿ ಇರುವುದು ಪಾರ್ಟ್‌ಟೈಮ್ ಪಿಎಚ್‌ಡಿಗೆ. ಅದಕ್ಕೆ ಸೇರಿ, ಒಳಗಿನ ವಿಷಯವನ್ನು ವಾರ್ಡಿನದ್ದೇ ಇಟ್ಟುಕೊಳ್ಳಿ. ಇದೊಂದು ಮಾತನ್ನೇ ನಾನು ಮುಂದೆ ಉದ್ದಕ್ಕೆ ಎಳೆಯುವುದು.

ನಿಯಮ ಬೇಗ ಹೇಳುತ್ತೇನೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮದ ಪ್ರಕಾರ ಕಡಿಮೆ ಅಂದರೆ 3 ವರ್ಷ, ಜಾಸ್ತಿ ಅಂದರೆ 6 ವರ್ಷ. ರೀ-ರಿಜಿಸ್ಟ್ರೇಷನ್ ಮಾಡಿದರೆ ಇನ್ನೂ 2 ವರ್ಷ. ಹೆಂಗಸರಿಗೆ ಅದರ ಮೇಲೆ ಮತ್ತೆ 2 ಸಿಗುತ್ತದೆ, ಅಂದರೆ ಒಟ್ಟು 10ರ ತನಕ. ಸ್ನಾತಕೋತ್ತರದಲ್ಲಿ ಶೇಕಡಾ 55 ಇರಬೇಕು. ಕೋರ್ಸ್‌ವರ್ಕ್, ಅಂದರೆ ಕ್ಲಾಸಿನ ಪಾಠ, 12 ಕ್ರೆಡಿಟ್‌ಗಿಂತ ಕಡಿಮೆ ಇರುವ ಹಾಗಿಲ್ಲ. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ನಿಂತು ಏನು ಮಾಡಿದೆ ಅಂತ ಹೇಳಬೇಕು. ಪೇಪರ್ ಪ್ರಕಟಿಸಲೇಬೇಕು ಅನ್ನುವುದನ್ನು ಯುಜಿಸಿ ಆಗ ಕೈಬಿಟ್ಟಿತು, ಆದರೆ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟುಕೊಂಡಿರಬಹುದು, ಕೇಳಿ ನೋಡಿ. ನಿಮಗೆ ಹತ್ತಿರ ಅಂದರೆ ಮಣಿಪಾಲದ ಮಾಹೆ ವಿಶ್ವವಿದ್ಯಾಲಯ. ಈ ಕಡೆ ದೇರಳಕಟ್ಟೆಯಲ್ಲಿ ನಿಟ್ಟೆ, ಯೆನೆಪೋಯ. ಯಾವ ವರ್ಷ ಯಾವ ವಿಭಾಗದಲ್ಲಿ ಪಾರ್ಟ್‌ಟೈಮ್ ಸೀಟು ತೆಗೆಯುತ್ತಾರೆ ಅಂತ ಅವರ ಅಧಿಸೂಚನೆಯನ್ನೇ ನೋಡಬೇಕು.

ಪಾರ್ಟ್‌ಟೈಮ್‌ನವರೆಲ್ಲ ಎಡವುವ ಕಲ್ಲು ಒಂದು ಉಂಟು, ಎನ್‌ಒಸಿ, ಅಂದರೆ ಕೆಲಸದ ಕಡೆಯಿಂದ ತರಬೇಕಾದ ‘ಅಭ್ಯಂತರವಿಲ್ಲ’ ಪತ್ರ. ನಾನೂ ಎಡವಿದೆ. ನಮ್ಮ ಆಫೀಸಿನವರು ‘ಕರ್ತವ್ಯಕ್ಕೆ ತೊಂದರೆಯಾಗದಂತೆ ವ್ಯಾಸಂಗ ಮಾಡಲು ಅಭ್ಯಂತರವಿಲ್ಲ’ ಅಂತ ಒಂದೇ ಸಾಲು ಬರೆದು, ಸೀಲು ಒತ್ತಿ ಕೊಟ್ಟರು. ಖುಷಿಯಿಂದ ತೆಗೆದುಕೊಂಡು ಹೋದೆ. ವಿಶ್ವವಿದ್ಯಾಲಯದ ಕೌಂಟರ್‌ನಲ್ಲಿ ವಾಪಸ್ಸು ಕೊಟ್ಟರು. ಯುಜಿಸಿ ನಿಯಮದ ಪ್ರಕಾರ ಆ ಪತ್ರದಲ್ಲಿ ಮೂರು ಮಾತು ಸ್ಪಷ್ಟ ಇರಬೇಕಂತೆ: ಪಾರ್ಟ್‌ಟೈಮ್ ಓದಲು ಅನುಮತಿ ಇದೆ, ಇವರ ಕೆಲಸದಲ್ಲಿ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಕೋರ್ಸ್‌ವರ್ಕ್‌ಗೆ ಬೇಕಾದರೆ ಡ್ಯೂಟಿಯಿಂದ ಬಿಡುಗಡೆ ಮಾಡುತ್ತೇವೆ. ಈ ಮೂರನೆಯದನ್ನು ಬರೆಸಲು ನನಗೆ ಎರಡು ತಿಂಗಳು ಹಿಡಿಯಿತು. ‘ಸಿಸ್ಟರ್, ಇದಕ್ಕೆ ಸಹಿ ಹಾಕಿದರೆ ನಾಳೆ ಎಲ್ಲರೂ ಬರುತ್ತಾರೆ’ ಅಂದರು. ಬರಲಿ, ಒಳ್ಳೆಯದೇ ಅಲ್ವಾ? ನೀವು ಒಂದು ಕೆಲಸ ಮಾಡಿ. ಆ ಮೂರು ವಾಕ್ಯ ನೀವೇ ಟೈಪ್ ಮಾಡಿಸಿ ತೆಗೆದುಕೊಂಡು ಹೋಗಿ. ಖಾಲಿ ಕೈಯಲ್ಲಿ ಹೋಗಿ ಕೇಳಬೇಡಿ.

ಇನ್ನು ವಿಷಯ. ಇಲ್ಲೇ ಎಲ್ಲ ನಿಂತಿರುವುದು.

ನಾನು ಶುರುವಿನಲ್ಲಿ ಬರೆದುಕೊಂಡು ಹೋದದ್ದು ‘ನರ್ಸ್‌ಗಳ ಒತ್ತಡ’ದ ಬಗ್ಗೆ. ಸುಲಭ, ಪ್ರಶ್ನಾವಳಿ ಹಂಚಿದರೆ ಆಯಿತು ಅಂದುಕೊಂಡಿದ್ದೆ. ಗೈಡ್ ಓದಿ ಮೇಜಿನ ಮೇಲಿಟ್ಟು, ‘ನಿಮ್ಮ ಯೂನಿಟ್‌ನಲ್ಲಿ ದಿನಾ ನಿಮ್ಮ ತಲೆ ತಿನ್ನುವುದು ಯಾವುದು?’ ಅಂತ ಕೇಳಿದರು. ನಾನು ಯೋಚನೆ ಮಾಡದೆ ‘ತೂಕದ ಮೆಷಿನ್’ ಅಂದೆ.

ಡಯಾಲಿಸಿಸ್‌ಗೆ ಬರುವವರನ್ನು ಮೊದಲು ತೂಕ ನೋಡುತ್ತೇವೆ. ಕಿಡ್ನಿ ಕೆಲಸ ಮಾಡದವರ ಮೈಯಲ್ಲಿ ಒಂದು ಲೀಟರ್ ನೀರು ನಿಂತರೆ ತೂಕ ಒಂದು ಕೆಜಿ ಏರುತ್ತದೆ. ಡ್ರೈ ವೇಟ್‌ಗಿಂತ (ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗಿನ ತೂಕ) ಎಷ್ಟು ಜಾಸ್ತಿ ಬಂದರೋ ಅಷ್ಟು ನೀರನ್ನು ನಾಲ್ಕು ಗಂಟೆಯಲ್ಲಿ ತೆಗೆಯಬೇಕು. ಜಾಸ್ತಿ ತೆಗೆದರೆ ಬಿಪಿ ಬೀಳುತ್ತದೆ, ಕಾಲು ಸೆಳೆತ ಬರುತ್ತದೆ. ಹಾಗಾಗಿ ದಿನಾ ಜಗಳ. ‘ನೀರು ಕುಡಿದಿರಾ?’ ‘ಇಲ್ಲ ಸಿಸ್ಟರ್, ದೇವರಾಣೆ ಒಂದು ಲೋಟವೂ ಜಾಸ್ತಿ ಕುಡಿದಿಲ್ಲ.’ ಮೆಷಿನ್ ಬೇರೆಯದೇ ಹೇಳುತ್ತದೆ. ಅವರು ಸುಳ್ಳು ಹೇಳುತ್ತಾರೆ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ.

ಒಂದು ದಿನ ಬಜಪೆ ಕಡೆಯ ಅಜ್ಜಿಯೊಬ್ಬರ ಹತ್ತಿರ ಬೆಳಗ್ಗಿನಿಂದ ರಾತ್ರಿ ತನಕ ಬಾಯಿಗೆ ಹೋದದ್ದನ್ನೆಲ್ಲ ಹೇಳಿಸಿದೆ. ಬೆಳಗ್ಗೆ ಗಂಜಿ. ರಾತ್ರಿ ಗಂಜಿ. ಕುಚ್ಚಲಕ್ಕಿ ಗಂಜಿ, ತಿಳಿಯ ಸಮೇತ. ಜೊತೆಗೆ ಉಪ್ಪಿನಕಾಯಿ, ಒಣಮೀನಿನ ಚಟ್ನಿ, ಮಳೆಗಾಲದಲ್ಲಿ ಉಪ್ಪು ಸೊಳೆಯ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಪಲ್ಯ. ಅವರ ಲೆಕ್ಕದಲ್ಲಿ ಗಂಜಿ ಊಟ, ನೀರು ಅಲ್ಲ! ನಾವು ಕೊಡುವ ಡಯಟ್ ಚೀಟಿಯಲ್ಲಿ ಚಹಾ, ಹಾಲು, ಸಾರು, ಜ್ಯೂಸ್ ಎಲ್ಲ ಇತ್ತು, ಗಂಜಿ ಇರಲಿಲ್ಲ. ಎಲ್ಲಿಂದಲೋ ಜೆರಾಕ್ಸ್ ಆಗಿ ಬಂದ ಚೀಟಿ ಅದು. ಅಜ್ಜಿ ಸುಳ್ಳು ಹೇಳಿರಲಿಲ್ಲ, ನಮ್ಮ ಚೀಟಿಗೇ ಊರು ಗೊತ್ತಿರಲಿಲ್ಲ. (ಬೊಂಡದ ಕಥೆ ಇನ್ನೊಂದು. ಪಾಪ, ನೋಡಲು ಬಂದವರು ಪ್ರೀತಿಯಿಂದ ಎಳನೀರು ತರುತ್ತಾರೆ. ಅದರಲ್ಲಿರುವ ಪೊಟ್ಯಾಸಿಯಂ ಇವರಿಗೆ ವಿಷಕ್ಕೆ ಸಮ.)

ನನ್ನ ಥೀಸಿಸ್ ಹುಟ್ಟಿದ್ದು ಅಲ್ಲಿ. ಕರಾವಳಿಯ ಊಟಕ್ಕೆ ತಕ್ಕಂತೆ ನರ್ಸ್ ಕೊಡುವ ತಿಳುವಳಿಕೆಯಿಂದ ಎರಡು ಡಯಾಲಿಸಿಸ್ ನಡುವಿನ ತೂಕ ಏರಿಕೆ ಕಡಿಮೆಯಾಗುತ್ತದಾ ಅಂತ. ಇದರಿಂದ ನನಗೆ ಆದ ದೊಡ್ಡ ಉಪಕಾರ ಎಂದರೆ, ತೂಕ ಬರೆಯುವುದು ಹೇಗೂ ನನ್ನ ಡ್ಯೂಟಿ. ಸಂಶೋಧನೆಗೆ ಅಂತ ಬೇರೆ ಊರಿಗೆ ಹೋಗಬೇಕಿಲ್ಲ. ‘ನರ್ಸ್‌ಗಳ ಒತ್ತಡ’ ಹಿಡಿದುಕೊಂಡಿದ್ದರೆ ರಜೆ ಹಾಕಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಪರ್ಮಿಷನ್ ಲೆಟರ್ ಹಿಡಿದು ಅಲೆಯುತ್ತಿದ್ದೆ. ನಿಮ್ಮ ಐಸಿಯುನಲ್ಲೂ ಏನೋ ಒಂದು ಇದ್ದೇ ಇರುತ್ತದೆ. ರಾತ್ರಿ ಸುಮ್ನೆ ಬಡಿದುಕೊಳ್ಳುವ ಅಲಾರಂ, ವೆಂಟಿಲೇಟರ್‌ನಲ್ಲಿ ಇರುವವರ ಬಾಯಿ ಸ್ವಚ್ಛ ಮಾಡುವುದು, ಹೊರಗೆ ಬೆಂಚಿನ ಮೇಲೆ ಕೂತ ಮನೆಯವರಿಗೆ ಯಾರು ಏನು ಹೇಳುತ್ತಾರೆ ಅನ್ನುವುದು. ಆಯ್ಕೆ ಮಾಡುವ ಮೊದಲು ಶೋಧಗಂಗಾ ಅನ್ನುವ ವೆಬ್‌ಸೈಟಿನಲ್ಲಿ ಹುಡುಕಿ. ಬೇರೆಯವರು ಮಾಡಿದ ನರ್ಸಿಂಗ್ ಥೀಸಿಸ್‌ಗಳು ಅಲ್ಲಿ ಪುಕ್ಕಟೆ ಓದಲು ಸಿಗುತ್ತವೆ.

ಆದರೆ ಸ್ವಂತ ವಾರ್ಡಿನಲ್ಲಿ ಸಂಶೋಧನೆ ಮಾಡುವುದಕ್ಕೆ ಒಂದು ಮುಳ್ಳು ಉಂಟು. ಎಥಿಕ್ಸ್ ಕಮಿಟಿಯವರು ನನ್ನ ಅರ್ಜಿ ನೋಡಿ ಕೇಳಿದ ಮೊದಲ ಪ್ರಶ್ನೆ: ‘ವಾರಕ್ಕೆ ಮೂರು ಸಲ ಕೈಗೆ ಸೂಜಿ ಚುಚ್ಚುವವರು ನೀವು. ನೀವೇ ಒಪ್ಪಿಗೆ ಕೇಳಿದರೆ ಇಲ್ಲ ಅನ್ನುವ ಧೈರ್ಯ ಯಾರಿಗಿದೆ?’ ನನ್ನ ಮುಖ ಕೆಂಪಾಯಿತು. ಹೌದಲ್ಲ! ಕೊನೆಗೆ ಒಪ್ಪಿಗೆ ಪಡೆಯುವ ಕೆಲಸವನ್ನು ನಮ್ಮ ಯೂನಿಟ್‌ಗೆ ಸಂಬಂಧ ಇಲ್ಲದ ಒಬ್ಬರಿಗೆ ವಹಿಸಿದೆವು. ಯಾರು ಒಪ್ಪಲಿಲ್ಲ ಅಂತ ನನಗೆ ಅವರು ಹೇಳುವುದಿಲ್ಲ. ನೀವು ಇದನ್ನು ಮೊದಲೇ ಬರೆದುಕೊಂಡು ಹೋದರೆ ಒಂದು ಸುತ್ತು ಉಳಿಯುತ್ತದೆ. ಅಧ್ಯಯನದಲ್ಲಿ ಏನಾದರೂ ಚಿಕಿತ್ಸೆ, ತರಬೇತಿ ಕೊಟ್ಟು ಪರೀಕ್ಷೆ ಮಾಡುವುದಿದ್ದರೆ, ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಸಿಟಿಆರ್‌ಐನಲ್ಲಿ (ರೋಗಿಗಳ ಮೇಲೆ ಮಾಡುವ ಇಂಥ ಪ್ರಯೋಗಗಳ ದೇಶದ ದಾಖಲೆ ಪಟ್ಟಿ) ನೋಂದಣಿ ಆಗಿರಬೇಕು. ರೋಗಿಗಳನ್ನು ಸೇರಿಸಿದ ಮೇಲೆ ನೋಂದಣಿ ಮಾಡುವ ಅವಕಾಶ 2018ರ ಏಪ್ರಿಲ್‌ನಿಂದ ಇಲ್ಲ.

ಭಾಷೆಯದ್ದು ನಮ್ಮ ಕಡೆಯ ವಿಶೇಷ ತಲೆನೋವು. ಬಾಯಾರಿಕೆ ಅಳೆಯಲು ಇಂಗ್ಲಿಷಿನ ಒಂದು ಪ್ರಶ್ನಾವಳಿ ಇದೆ. ಮಾಡಿದವರಿಗೆ ಮೇಲ್ ಹಾಕಿ ಅನುಮತಿ ತೆಗೆದುಕೊಂಡೆ. ಕನ್ನಡಕ್ಕೆ ಮಾಡಿಸಿದೆ, ಮತ್ತೊಬ್ಬರಿಂದ ವಾಪಸ್ಸು ಇಂಗ್ಲಿಷಿಗೆ ಮಾಡಿಸಿ ಹೋಲಿಸಿದೆ. ಎಲ್ಲ ಸರಿ. ‘ಬಾಯಾರಿಕೆ ನನಗೆ ಸಮಸ್ಯೆಯಾಗಿದೆ’ ಅಂತ ಒಂದು ಸಾಲು. ಪೈಲಟ್ (ಕೆಲವರ ಹತ್ತಿರ ಮೊದಲು ಕೇಳಿ ನೋಡುವುದು) ಮಾಡುವಾಗ ಮೂಲ್ಕಿಯ ಹಿರಿಯರೊಬ್ಬರಿಗೆ ಅದನ್ನು ತುಳುವಿನಲ್ಲಿ ಹೇಳಿದೆ. ಅವರು ನನ್ನನ್ನೇ ಮರುಕದಿಂದ ನೋಡಿ, ‘ಬಾಜೆಲ್ ಆಂಡ ನೀರ್ ಪರ್ಪುನಿ, ಅಯಿಟ್ ದಾದ ಸಮಸ್ಯೆ?’ ಅಂದರು. ಬಾಯಾರಿದರೆ ನೀರು ಕುಡಿಯುವುದು, ಅದರಲ್ಲಿ ಏನು ಸಮಸ್ಯೆ ಅಂತ. ಹಾಗೆಯೇ ಬಾಯಾರುವುದು ಬೇರೆ, ಬಾಯಿ ಒಣಗುವುದು ಬೇರೆ ಅಂತ ತಿಳಿಸುವುದರಲ್ಲಿ ನನ್ನ ಅರ್ಧ ದಿನ ಹೋಗುತ್ತಿತ್ತು. ತುಳು, ಬ್ಯಾರಿ, ಕೊಂಕಣಿ ಮಾತಾಡುವವರಿಗೆ ಕನ್ನಡದ ಹಾಳೆ ಕೊಟ್ಟು ಟಿಕ್ ಮಾಡಿ ಅಂದರೆ ಮಾಡುತ್ತಾರೆ. ಆ ಟಿಕ್‌ಗೆ ಅರ್ಥ ಇರುವುದಿಲ್ಲ ಅಷ್ಟೇ. ಭಾಷೆಯ ಕೆಲಸಕ್ಕೆ ನೀವು ಅಂದುಕೊಂಡದ್ದರ ಎರಡು ಪಟ್ಟು ಸಮಯ ಇಟ್ಟುಕೊಳ್ಳಿ.

ಸಮಯ ಎಲ್ಲಿಂದ ಅಂತ ಕೇಳಿದಿರಿ. ನೈಟ್ ಡ್ಯೂಟಿ ಮುಗಿಸಿ ಬಂದು ಓದುತ್ತೇನೆ ಅಂತ ಮಾತ್ರ ಲೆಕ್ಕ ಹಾಕಬೇಡಿ. ಆ ತಲೆಯಲ್ಲಿ ನಾನು ಬರೆದ ಎರಡು ಪುಟ ಆಮೇಲೆ ಓದಿದರೆ ಯಾರೋ ಜ್ವರದಲ್ಲಿ ಬರೆದ ಹಾಗಿತ್ತು. ನನಗೆ ಒಗ್ಗಿದ್ದು ವೀಕ್ಲಿ ಆಫ್‌ನ ದಿನ ಬೆಳಗ್ಗಿನ ನಾಲ್ಕು ತಾಸು. ಮನೆಯಲ್ಲಿ ಅಲ್ಲ, ಕಾಲೇಜು ಲೈಬ್ರರಿಯಲ್ಲಿ. ಮನೆಯಲ್ಲಿ ಕೂತರೆ ಗ್ಯಾಸಿನವನು ಬಂದರೂ ನಾನೇ ಏಳಬೇಕು. ಅತ್ತೆ ಮೊದಲು ‘ಇಷ್ಟು ವಯಸ್ಸಾದ ಮೇಲೆ ಎಂತ ಪರೀಕ್ಷೆ?’ ಅನ್ನುತ್ತಿದ್ದರು. ಗಂಜಿಯ ವಿಷಯ ಅಂತ ಗೊತ್ತಾದ ಮೇಲೆ ಯಾವ ಅಕ್ಕಿಗೆ ಎಷ್ಟು ನೀರು ಅಂತ ಅಳತೆ ಹಾಕಿ ಕೊಟ್ಟದ್ದು ಅವರೇ. ಬಸ್ಸಿನ ಸಮಯ ನೆಚ್ಚಿಕೊಳ್ಳಬೇಡಿ. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್‌ನಲ್ಲಿ ಓದುತ್ತೇನೆ ಅಂದುಕೊಂಡವರೆಲ್ಲ ಪಡುಬಿದ್ರಿ ದಾಟುವಾಗ ನಿದ್ದೆಯಲ್ಲಿರುತ್ತಾರೆ. ಉಲ್ಲೇಖಗಳನ್ನು ಜೋಡಿಸಿಡಲು ಝೊಟೆರೊ ಅನ್ನುವ ಸಾಫ್ಟ್‌ವೇರ್ ಮೊದಲ ದಿನದಿಂದಲೇ ಹಾಕಿಕೊಳ್ಳಿ, ಪುಕ್ಕಟೆ.

ದುಡ್ಡಿನ ಆಸೆಗೆ ಮಾಡುವುದಾದರೆ ಬೇಡ. ವಾರ್ಡಿನಲ್ಲೇ ಉಳಿಯುವ ನರ್ಸ್‌ಗೆ ಪಿಎಚ್‌ಡಿಯಿಂದ ಸಂಬಳ ಏರಿದ್ದನ್ನು ನಾನು ನೋಡಿಲ್ಲ. ನರ್ಸಿಂಗ್ ಕಾಲೇಜಿನ ಕಡೆ ಹೋಗುವ ಯೋಚನೆ ಇದ್ದರೆ ಮಾತು ಬೇರೆ.

ಕೊನೆಗೆ ಗೈಡ್. ಪ್ರೊಫೆಸರ್ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಜನರಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ಸೇರಿಸಿಕೊಳ್ಳುವ ಹಾಗೂ ಇಲ್ಲ. ಹಾಗಾಗಿ ಈಗ ಎಷ್ಟು ಜನ ಇದ್ದಾರೆ, ನಿವೃತ್ತಿ ಯಾವಾಗ ಅಂತ ನಾಚಿಕೆ ಬಿಟ್ಟು ಕೇಳಿ. ನಾನು ಕೇಳದೆ ಬಿಟ್ಟದ್ದು ಒಂದೇ: ಬೇರೆ ಕಡೆ ಕೆಲಸಕ್ಕೆ ಹೋಗುವ ಯೋಚನೆ ಇದೆಯಾ ಅಂತ. ನನ್ನ ತಲೆಗೆ ತೂಕದ ಮೆಷಿನ್ ಹಾಕಿದ ಆ ಗೈಡ್ ಎರಡನೇ ವರ್ಷ ಬೇರೆ ರಾಜ್ಯಕ್ಕೆ ಹೋದರು. ಹೊಸ ಗೈಡ್ ಹೆಸರು ಫೈಲಿನಲ್ಲಿ ಬರುವುದಕ್ಕೆ ಏಳು ತಿಂಗಳು ಹೋಯಿತು, ಆ ಏಳು ತಿಂಗಳ ಫೀಸು ಮಾತ್ರ ತಪ್ಪಲಿಲ್ಲ. ಸೇರುವಾಗಲೇ ಒಬ್ಬ ಕೋ-ಗೈಡ್ ಹೆಸರು ಹಾಕಿಸಿಕೊಳ್ಳಿ, ಸಾಧ್ಯವಾದರೆ ನಿಮ್ಮದೇ ಆಸ್ಪತ್ರೆಯ ಐಸಿಯು ಡಾಕ್ಟರೊಬ್ಬರನ್ನು. ಬೆಳಗ್ಗೆ ರೌಂಡ್ಸ್‌ಗೆ ಬಂದಾಗ ಹಿಡಿದು ಕೇಳಬಹುದು.